ವ್ಯಕ್ತಿ ಪರಿಚಯ: ಕಾಲೇಜು ಹುಡುಗರ ನಡುವೆಯೇ ಬದುಕಿದ ಜಾನ್ ಆರ್. ಮಾಟ್



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಒಂದು ಕಡೆ ಸಡಗರ, ಇನ್ನೊಂದು ಕಡೆ ಸಂಕಟ. ಮಗನೋ ಮಗಳೋ ಕಾಲೇಜಿಗೆ ಹೊರಟಿರುತ್ತಾರೆ. ಕಾರಿನ ಡಿಕ್ಕಿಯಲ್ಲಿ ದಿಂಬು, ಪುಟ್ಟ ರೈಸ್ ಕುಕ್ಕರ್, ಅಮ್ಮ ಒತ್ತಾಯ ಮಾಡಿ ತುರುಕಿದ ಚಟ್ನಿಪುಡಿ ಡಬ್ಬಿ. ಡಾರ್ಮ್ ರೂಮಿಗೆ ಸಾಮಾನು ಸಾಗಿಸಿ ಹೊರಗೆ ಬಂದರೆ ಹುಲ್ಲುಹಾಸಿನ ಮೇಲೆ ಸಾಲಾಗಿ ಮೇಜುಗಳು. ಚೆಸ್ ಕ್ಲಬ್ಬಿನವರು, ಭಾಂಗ್ರಾ ತಂಡದವರು, ರೋಬೋಟ್ ಮಾಡುವವರು, ಅವರ ಮಧ್ಯೆ ಎರಡು ಮೂರು ಕ್ರೈಸ್ತ ಗುಂಪುಗಳವರು. ನಗುನಗುತ್ತಾ ನಿಮ್ಮ ಮಗುವಿನ ಹೆಸರು ಕೇಳುತ್ತಾರೆ, ತಣ್ಣನೆಯ ಲೆಮನೇಡ್ ಕೊಡುತ್ತಾರೆ, ಶುಕ್ರವಾರ ಸಂಜೆ ಪಿಜ್ಜಾ ಇದೆ ಬಾ ಎಂದು ಕರೆಯುತ್ತಾರೆ. ಅಲ್ಲಿ ದೊಡ್ಡವರು ಯಾರೂ ಕಾಣುವುದಿಲ್ಲ. ಕರೆಯುವವರೂ ಇಪ್ಪತ್ತರ ಹುಡುಗರೇ.

ಇದನ್ನು ನೋಡಿದಾಗಲೆಲ್ಲ ನನಗೆ ನಾನು ಈ ದೇಶಕ್ಕೆ ಓದಲು ಬಂದ ದಿನ ನೆನಪಾಗುತ್ತದೆ. ಎರಡು ಸೂಟ್‌ಕೇಸ್ ಹಿಡಿದು ವಿಮಾನ ನಿಲ್ದಾಣದಲ್ಲಿ ಪೆಚ್ಚಾಗಿ ನಿಂತಿದ್ದವನ ಹೆಸರನ್ನು ತಪ್ಪುತಪ್ಪಾಗಿ ಬರೆದ ಬೋರ್ಡ್ ಹಿಡಿದು ಒಬ್ಬ ಹಿರಿಯರು ಕಾಯುತ್ತಿದ್ದರು. ಕ್ಯಾಂಪಸ್ಸಿನ ಕ್ರೈಸ್ತ ಸಂಘದ ಮೂಲಕ ಬಂದವರು. ರೂಮ್ ಸಿಗುವವರೆಗೆ ನಾಲ್ಕು ದಿನ ಅವರ ಮನೆಯಲ್ಲೇ ಇದ್ದೆ. ಮಾಂಸ ತಿನ್ನುವುದಿಲ್ಲವೆಂದು ತಿಳಿದು ಆ ಮನೆಯಾಕೆ ಪಾಪ, ನಾಲ್ಕು ದಿನವೂ ಬೇಯಿಸಿದ ಆಲೂಗಡ್ಡೆ ಬಡಿಸಿದರು! ನಮ್ಮಲ್ಲಿ ಹಲವರಿಗೆ ಇಂಥದೊಂದು ಕಥೆ ಇದ್ದೇ ಇರುತ್ತದೆ. ಜೊತೆಗೆ ಆಗ ಮನಸ್ಸಿನ ಮೂಲೆಯಲ್ಲಿ ಎದ್ದ ಪ್ರಶ್ನೆಯೂ ನೆನಪಿರುತ್ತದೆ. ಇವರು ಇಷ್ಟು ಒಳ್ಳೆಯವರಾಗಿರುವುದು ಏಕೆ? ಇದರ ಹಿಂದೆ ಏನಾದರೂ ಇದೆಯೇ?

ಈ ಮೇಜು, ಈ ಬೋರ್ಡ್, ಈ ಪ್ರಶ್ನೆ ಮೂರಕ್ಕೂ ಹಿನ್ನೆಲೆಯಲ್ಲಿ ನಿಲ್ಲುವ ಒಬ್ಬ ವ್ಯಕ್ತಿ ಇದ್ದಾರೆ. ಜಾನ್ ಆರ್. ಮಾಟ್. ಒಂದು ಕಾಲದಲ್ಲಿ ಪ್ರಪಂಚದ ಮೂಲೆಮೂಲೆಯ ಕಾಲೇಜುಗಳಲ್ಲಿ ಮನೆಮಾತಾಗಿದ್ದವರು, ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ನಮ್ಮವರಿಗೆ ಮಾತ್ರ ಅವರ ಪರಿಚಯ ಕಡಿಮೆ. ಹಾಗಾಗಿ ಈ ಬಾರಿಯ ವ್ಯಕ್ತಿ ಪರಿಚಯ ಅವರದು.

ಮಾಟ್ ಹುಟ್ಟಿದ್ದು 1865ರ ಮೇ 25ರಂದು, ನ್ಯೂಯಾರ್ಕ್ ರಾಜ್ಯದ ಲಿವಿಂಗ್‌ಸ್ಟನ್ ಮ್ಯಾನರ್ ಎಂಬ ಸಣ್ಣ ಊರಿನಲ್ಲಿ. ಕೂಸಿಗೆ ಕೆಲವೇ ತಿಂಗಳಾಗಿದ್ದಾಗ ಸಂಸಾರ ಅಯೋವಾ ರಾಜ್ಯದ ಪೋಸ್ಟ್‌ವಿಲ್‌ಗೆ ಹೋಗಿ ನೆಲೆಸಿತು. ತಂದೆಯದು ಮರದ ವ್ಯಾಪಾರ. ಊರಿನ ಮೊದಲ ಮೇಯರ್ ಕೂಡ ಅವರೇ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳ ಜೊತೆ ಒಬ್ಬನೇ ಗಂಡುಮಗ. ಅಂದಮೇಲೆ ವ್ಯಾಪಾರ ಅವನೇ ನೋಡಿಕೊಳ್ಳಬೇಕೆಂಬ ಆಸೆ ಸಹಜವೇ. ಹುಡುಗನಿಗೆ ಓದಿನ ಹುಚ್ಚು. ಹದಿನಾರನೇ ವಯಸ್ಸಿಗೆ ಫೆಯೆಟ್ ಊರಿನ ಅಪ್ಪರ್ ಅಯೋವಾ ಯೂನಿವರ್ಸಿಟಿ ಸೇರಿದ. ಅದು ಮೆಥಡಿಸ್ಟ್ ಪಂಥದವರ ಸಣ್ಣ ಸಂಸ್ಥೆ. ಅಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿ, 1885ರಲ್ಲಿ ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದ. ಆಗ ಅವನ ಕಣ್ಣ ಮುಂದೆ ಇದ್ದದ್ದು ವಕೀಲಿಕೆ, ರಾಜಕೀಯ, ಇಲ್ಲದಿದ್ದರೆ ಅಪ್ಪನ ಮರದ ಅಡ್ಡೆ.

ಕಾರ್ನೆಲ್ ಬಗ್ಗೆ ಒಂದು ಮಾತು ಹೇಳಬೇಕು. ಅದು ಯಾವ ಚರ್ಚಿಗೂ ಸೇರದ ವಿಶ್ವವಿದ್ಯಾಲಯವಾಗಿ ಸ್ಥಾಪನೆಯಾಗಿತ್ತು. ಅಂದಿನ ಅಮೆರಿಕದಲ್ಲಿ ಎಷ್ಟೋ ಕಾಲೇಜುಗಳು ಒಂದಲ್ಲ ಒಂದು ಪಂಥದ ನೆರಳಿನಲ್ಲಿದ್ದವು. ಆದ್ದರಿಂದ ಕಾರ್ನೆಲ್ ದೇವರಿಲ್ಲದ ಜಾಗ, ಅಲ್ಲಿ ಹೋದ ಮಕ್ಕಳು ಕೆಡುತ್ತಾರೆ ಎಂದು ಧರ್ಮಗುರುಗಳು ದೂರುತ್ತಿದ್ದರು. ಮಾಟ್ ಜೀವನದ ತಿರುವು ಬಂದದ್ದು ಅಂಥ ಜಾಗದಲ್ಲೇ!

1886ರ ಜನವರಿ. ಇಂಗ್ಲೆಂಡಿನಿಂದ ಜೆ.ಇ.ಕೆ. ಸ್ಟಡ್ ಎಂಬ ಯುವಕ ಭಾಷಣಕ್ಕೆ ಬಂದಿದ್ದ. ಕ್ರಿಕೆಟ್ ಪ್ರಿಯರು ಈ ಹೆಸರು ಗಮನಿಸಿ. ಸ್ಟಡ್ ಸಹೋದರರು ಮೂವರೂ ಒಬ್ಬರ ನಂತರ ಒಬ್ಬರಂತೆ ಕೇಂಬ್ರಿಡ್ಜ್ ತಂಡದ ನಾಯಕರಾಗಿದ್ದವರು. ತಮ್ಮ ಸಿ.ಟಿ. ಸ್ಟಡ್, ಆಶಸ್ ಕಥೆಗೆ ಕಾರಣವಾದ 1882ರ ಓವಲ್ ಟೆಸ್ಟ್ ಆಡಿ, ನಂತರ ಬ್ಯಾಟ್ ಕೆಳಗಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೋಗಿದ್ದ. ಅಂಥ ಮನೆಯ ಹುಡುಗ ಬಂದಿದ್ದಾನೆಂದು ಹಾಲ್ ತುಂಬಿತ್ತು. ಮಾಟ್ ಅರೆಮನಸ್ಸಿನಿಂದ ತಡವಾಗಿ ಹೋಗಿ ಹಿಂದೆ ಕುಳಿತ. ಅವನು ಕೂರುವ ಹೊತ್ತಿಗೆ ಸ್ಟಡ್ ಬೈಬಲಿನ ಒಂದೆರಡು ಮಾತು ಹೇಳುತ್ತಿದ್ದ. ನಿನಗಾಗಿ ದೊಡ್ಡದನ್ನು ಬಯಸಬೇಡ, ಮೊದಲು ದೇವರ ರಾಜ್ಯವನ್ನು ಹುಡುಕು ಎಂಬ ಅರ್ಥದ್ದು. ದೊಡ್ಡದನ್ನೇ ಬಯಸಿ ಬಂದಿದ್ದ ಇಪ್ಪತ್ತರ ಹುಡುಗನಿಗೆ ಅದು ನೇರವಾಗಿ ನಾಟಿತು. ಮರುದಿನ ಸ್ಟಡ್‌ನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ. ಮಾಟ್ ಮುಂದೆ ಎಪ್ಪತ್ತು ವರ್ಷ ಆ ಸಂಜೆಯ ಬಗ್ಗೆ ಹೇಳುತ್ತಲೇ ಇದ್ದರು. ಹುಡುಗನ ಮನಸ್ಸು ಬದಲಾಯಿಸಿದ್ದು ಪಾದ್ರಿಯಲ್ಲ, ಪ್ರೊಫೆಸರ್ ಅಲ್ಲ, ಅವನಿಗಿಂತ ಕೆಲವೇ ವರ್ಷ ದೊಡ್ಡವನಾದ, ಆಟ ಬಲ್ಲ ಇನ್ನೊಬ್ಬ ಯುವಕ. ಮಾಟ್ ಅವರ ಇಡೀ ಕೆಲಸದ ಸೂತ್ರ ಇದೇ ಆಯಿತು.

ಅದೇ ಬೇಸಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್ ಎಂಬಲ್ಲಿ, ಆ ಕಾಲದ ಪ್ರಸಿದ್ಧ ಬೋಧಕ ಡಿ.ಎಲ್. ಮೂಡಿ ಅವರ ಶಾಲೆಯ ಆವರಣದಲ್ಲಿ, 251 ವಿದ್ಯಾರ್ಥಿಗಳು ಸುಮಾರು ಒಂದು ತಿಂಗಳು ಸೇರಿದರು. ಬೆಳಿಗ್ಗೆ ಬೈಬಲ್ ಪಾಠ, ಮಧ್ಯಾಹ್ನ ಆಟ, ಈಜು. ಅಲ್ಲಿ ಪ್ರಿನ್ಸ್‌ಟನ್‌ನ ರಾಬರ್ಟ್ ವೈಲ್ಡರ್ ಎಂಬ ಹುಡುಗ ಗುಂಪು ಗುಂಪಾಗಿ ಗೆಳೆಯರನ್ನು ಕೂರಿಸಿಕೊಂಡು ಹೊರದೇಶಗಳಿಗೆ ಮಿಷನರಿಗಳಾಗಿ ಹೋಗುವ ಮಾತೆತ್ತಿದ. ಈ ವೈಲ್ಡರ್ ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದಲ್ಲಿ! ತಂದೆ ಅಲ್ಲಿ ಮಿಷನರಿಯಾಗಿದ್ದರು. ಶಿಬಿರ ಮುಗಿಯುವ ಹೊತ್ತಿಗೆ ನೂರು ಮಂದಿ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರು. ಅವರಲ್ಲಿ ಮಾಟ್ ಕೂಡ ಒಬ್ಬರು. (ತಮಾಷೆಯೆಂದರೆ ಸಹಿ ಹಾಕಿದ ಮಾಟ್ ಯಾವ ದೇಶದಲ್ಲೂ ಮಿಷನರಿಯಾಗಿ ನೆಲೆಸಲಿಲ್ಲ. ಜೀವನವಿಡೀ ಊರೂರು ಸುತ್ತಿದ್ದೇ ಆಯಿತು.) ಇದರಿಂದ 1888ರಲ್ಲಿ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ ಹುಟ್ಟಿತು, ಮಾಟ್ ಅದರ ಅಧ್ಯಕ್ಷರಾದರು. ಮುಂದಿನ ದಶಕಗಳಲ್ಲಿ ಈ ಚಳವಳಿಯಿಂದ ಹತ್ತು ಸಾವಿರಕ್ಕೂ ಹೆಚ್ಚು ಯುವಕ ಯುವತಿಯರು ಅಮೆರಿಕ, ಕೆನಡಾ ಬಿಟ್ಟು ಹೊರದೇಶಗಳಿಗೆ ಹೋದರು. ಅವರಲ್ಲಿ ವೈದ್ಯರು, ದಾದಿಯರು, ಶಿಕ್ಷಕರು ಬಹಳ.

ಅದೇ 1888ರಲ್ಲಿ ಮಾಟ್ ಕಾರ್ನೆಲ್‌ನಿಂದ ಪದವಿ ಪಡೆದರು, ಓದಿನಲ್ಲಿ ಮೇಲ್ಪಂಕ್ತಿ. ಅಲ್ಲಿನ ಕಾಲೇಜು ವೈಎಂಸಿಎ ಅಧ್ಯಕ್ಷರಾಗಿ ಸದಸ್ಯರ ಸಂಖ್ಯೆ ಮೂರು ಪಟ್ಟಾಗಿಸಿದ್ದರು, ಸಂಘಕ್ಕೆ ಸ್ವಂತ ಕಟ್ಟಡಕ್ಕೂ ಹಣ ಹೊಂದಿಸಿದ್ದರು. ಅಮೆರಿಕ ಮತ್ತು ಕೆನಡಾದ ಎಲ್ಲ ಕಾಲೇಜು ವೈಎಂಸಿಎಗಳ ಕಾರ್ಯದರ್ಶಿಯಾಗಿ ಬನ್ನಿ ಎಂಬ ಕರೆ ಬಂತು. ಒಂದು ವರ್ಷ ನೋಡೋಣ ಎಂದು ಒಪ್ಪಿಕೊಂಡರು. ಆ ಒಂದು ವರ್ಷ ಇಪ್ಪತ್ತೇಳು ವರ್ಷವಾಯಿತು.

ವೈಎಂಸಿಎ ಎಂದಾಗ ಬೆಂಗಳೂರಿನವರಿಗೆ ನೃಪತುಂಗ ರಸ್ತೆಯ ಕಟ್ಟಡ ನೆನಪಾಗಬಹುದು. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಹುಟ್ಟಿದ್ದು ಅಮೆರಿಕದ ವೈಎಂಸಿಎಗಳಲ್ಲೇ. ಆದರೆ ಕಾಲೇಜುಗಳೊಳಗಿನ ವೈಎಂಸಿಎ ಬೇರೆಯೇ ಒಂದು ಪ್ರಪಂಚ. ಅದು ಮಾಟ್ ಬರುವ ಮೊದಲೇ, 1858ರಿಂದಲೂ ಇತ್ತು. ಮಾಟ್ ಮಾಡಿದ್ದು ಅದಕ್ಕೊಂದು ಕ್ರಮ ತಂದದ್ದು. ಹೊಸ ವಿದ್ಯಾರ್ಥಿ ರೈಲು ಇಳಿದಾಗ ಸ್ಟೇಷನ್ನಿನಲ್ಲಿ ಸಂಘದ ಹುಡುಗನೊಬ್ಬ ಇರಬೇಕು. ಬಾಡಿಗೆ ಕೋಣೆ ಎಲ್ಲಿದೆ, ಯಾವ ಮೆಸ್ಸಿನಲ್ಲಿ ಊಟ ಅಗ್ಗ, ಓದುತ್ತಾ ದುಡಿಯಲು ಎಲ್ಲಿ ಕೆಲಸ ಸಿಗುತ್ತದೆ ಎಂದು ಹೇಳಬೇಕು. ಕಾಲೇಜಿನ ಕೈಪಿಡಿ ಅಚ್ಚು ಹಾಕಿ ಹಂಚಬೇಕು. ಅಂದಿನ ವಿಶ್ವವಿದ್ಯಾಲಯಗಳಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಆಫೀಸುಗಳೇ ಇರಲಿಲ್ಲ. ಇಂದು ಕಾಲೇಜುಗಳ ಓರಿಯೆಂಟೇಷನ್ ವಾರ, ಸ್ಟೂಡೆಂಟ್ ಆಫೀಸ್ ಮಾಡುವ ಎಷ್ಟೋ ಕೆಲಸಗಳನ್ನು ಮೊದಲು ಮಾಡಿದವರು ಈ ಸಂಘದ ಹುಡುಗರು.

ಎರಡನೆಯದು, ಸಂಘ ವಿದ್ಯಾರ್ಥಿಗಳದೇ ಆಗಿರಬೇಕೆಂಬ ಹಠ. ಅಧ್ಯಕ್ಷ, ಖಜಾಂಚಿ, ಬೈಬಲ್ ಚರ್ಚೆ ನಡೆಸುವವ ಎಲ್ಲರೂ ಹುಡುಗರೇ. ಹಿರಿಯರು ಸಲಹೆ ಕೊಟ್ಟು ಪಕ್ಕಕ್ಕೆ ಸರಿಯಬೇಕು. ಮಾಟ್ ಹಾಸ್ಯ ಮಾಡುವ, ಅಳಿಸುವ ಭಾಷಣಕಾರರಲ್ಲ. ಎತ್ತರದ ಆಳು, ದಟ್ಟ ಹುಬ್ಬು, ಗಟ್ಟಿ ದನಿ, ಒಂದಾದ ಮೇಲೊಂದು ಅಂಶ ಮುಂದಿಡುವ ವಕೀಲನ ಶೈಲಿ. ವಿಜ್ಞಾನ ಓದಿ ಸಂಶಯಕ್ಕೆ ಬಿದ್ದ ಹುಡುಗರನ್ನು ಅವರು ಬೈಯುತ್ತಿರಲಿಲ್ಲ. ಸಂಶಯಕ್ಕೂ ಪುರಾವೆ ಹುಡುಕು, ನಂಬಿಕೆಗೂ ಹುಡುಕು ಎನ್ನುವ ಧಾಟಿ ಅವರದು.

1891ರಲ್ಲಿ ಲೀಲಾ ವೈಟ್ ಅವರೊಡನೆ ಮದುವೆಯಾಯಿತು. (ಹೌದು, ಹೆಸರು ನಮ್ಮ ಲೀಲಾಳಂತೆಯೇ ಕೇಳಿಸುತ್ತದೆ!) ಆಕೆ ಶಿಕ್ಷಕಿ, ಓಹಾಯೋದವರು. ಆಕೆಯ ಸಹೋದರ ಕಲ್ಕತ್ತಾದ ವಿದ್ಯಾರ್ಥಿಗಳ ನಡುವೆ ವೈಎಂಸಿಎ ಕೆಲಸ ಮಾಡುತ್ತಿದ್ದರು. ಎಷ್ಟೋ ಪ್ರವಾಸಗಳಲ್ಲಿ ಲೀಲಾ ಕೂಡ ಜೊತೆಗಿದ್ದು ಮಹಿಳಾ ಕಾಲೇಜುಗಳಲ್ಲಿ ಮಾತಾಡಿದರು. ಈ ದಂಪತಿಗೆ ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳು.

1895ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾ ಕೋಟೆಯಲ್ಲಿ ಆರು ಜನ ಸೇರಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಸ್ಥಾಪಿಸಿದರು. ಬರೀ ಆರು ಜನ! ನಮ್ಮ ಕನ್ನಡ ಕೂಟದ ಮೊದಲ ಮೀಟಿಂಗಿಗೂ ಅದಕ್ಕಿಂತ ಹೆಚ್ಚು ಜನ ಬಂದಿದ್ದರು. ಮೂವತ್ತರ ಮಾಟ್ ಪ್ರಧಾನ ಕಾರ್ಯದರ್ಶಿ. ಅಲ್ಲಿಂದಲೇ ಸುಮಾರು ಎರಡು ವರ್ಷದ ಲೋಕಸಂಚಾರಕ್ಕೆ ಹೊರಟರು. ಯುರೋಪ್, ಸಿಲೋನ್, ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚೀನಾ, ಜಪಾನ್. ಎಲ್ಲ ಕಡೆ ಕಾಲೇಜುಗಳಿಗೇ ಭೇಟಿ, ಹೊಸದಾಗಿ ಸುಮಾರು 70 ಸಂಘಗಳು, ಭಾರತವೂ ಸೇರಿ ಹಲವು ದೇಶಗಳಲ್ಲಿ ರಾಷ್ಟ್ರಮಟ್ಟದ ವಿದ್ಯಾರ್ಥಿ ಸಂಘಟನೆ. ಐವತ್ತು ವರ್ಷಗಳಲ್ಲಿ ಅವರು ಅಟ್ಲಾಂಟಿಕ್ ದಾಟಿದ್ದು ನೂರಕ್ಕೂ ಹೆಚ್ಚು ಸಲ, ಪೆಸಿಫಿಕ್ ಹದಿನಾಲ್ಕು ಸಲ. ಸರಾಸರಿ ವರ್ಷಕ್ಕೆ 34 ದಿನ ಹಡಗಿನ ಮೇಲೆ. ಇಪ್ಪತ್ತು ಗಂಟೆಯ ವಿಮಾನ ಪ್ರಯಾಣಕ್ಕೇ ಗೊಣಗುವ ನಾವು ಇದನ್ನು ಯೋಚಿಸಬೇಕು.

ಈ ಪ್ರವಾಸದ ನಂತರ ಅವರು ಬರೆದ ಪುಸ್ತಕದ ಶೀರ್ಷಿಕೆಯಲ್ಲಿ ಜಗತ್ತನ್ನು ಗೆಲ್ಲುವ ಮಾತಿದೆ. ಕಾಲೇಜುಗಳೇ ಆ ಗೆಲುವಿನ ಆಯಕಟ್ಟಿನ ಜಾಗಗಳು ಎಂಬುದು ಅದರ ವಾದ. 1900ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ, ಇದೇ ತಲೆಮಾರಿನಲ್ಲಿ ಜಗತ್ತಿಗೆಲ್ಲ ಸುವಾರ್ತೆ ಎಂಬ ಚಳವಳಿಯ ಘೋಷವಾಕ್ಯವನ್ನು ವಿವರಿಸಿದರು. ಎಲ್ಲರನ್ನೂ ಮತಾಂತರ ಮಾಡುತ್ತೇವೆ ಎಂದು ಇದರ ಅರ್ಥವಲ್ಲ, ಬದುಕಿರುವ ಪ್ರತಿಯೊಬ್ಬರಿಗೂ ಕೇಳುವ ಅವಕಾಶ ಸಿಗಬೇಕು, ಪ್ರತಿ ತಲೆಮಾರಿಗೂ ತನ್ನ ಕಾಲದವರ ಹೊಣೆ ಇದೆ ಎಂಬುದು ಅವರ ಸಮಜಾಯಿಷಿ. ಆದರೂ ನಮ್ಮ ಕಿವಿಗೆ ಆ ಗೆಲುವಿನ ಭಾಷೆ ಒರಟಾಗಿಯೇ ಕೇಳಿಸುತ್ತದೆ. ಅದು ಸಾಮ್ರಾಜ್ಯಗಳ ಕಾಲ. ಮಿಷನರಿ ಬಂದ ಹಡಗಿನಲ್ಲೇ ಕಲೆಕ್ಟರ್ ಕೂಡ ಬರುತ್ತಿದ್ದ. ಮಾಟ್ ಅವರಂಥ ಸಜ್ಜನರಿಗೂ ಆಗ ಅದು ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ ಎಂದು ನನಗನ್ನಿಸುತ್ತದೆ.

ಅದನ್ನು ಕಣ್ಣಿಗೆ ಬೀಳಿಸಿದವರು ಅವರ ಚಳವಳಿಯಲ್ಲೇ ಬೆಳೆದ ಹುಡುಗರು. ಮೊದಲನೆಯವರು ತಮಿಳುನಾಡಿನ ತಿರುನೆಲ್ವೇಲಿ ಕಡೆಯ ವಿ.ಎಸ್. ಅಜರಯ್ಯ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ವೈಎಂಸಿಎ ಕಾರ್ಯದರ್ಶಿಯಾಗಿ ದಕ್ಷಿಣ ಭಾರತ ಸುತ್ತಿದವರು. 1910ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರಾದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಅಧ್ಯಕ್ಷ ಪೀಠದಲ್ಲಿ ಮಾಟ್, ಎದುರಿಗೆ ಸುಮಾರು 1,200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. ಅಂಥ ಸಭೆಯಲ್ಲಿ 35 ವರ್ಷದ ಅಜರಯ್ಯ ಎದ್ದು ನಿಂತು, ಮಿಷನರಿಗಳು ಭಾರತೀಯ ಸಹೋದ್ಯೋಗಿಗಳಿಗೆ ದಾನ ಕೊಡುತ್ತಾರೆ, ತ್ಯಾಗ ಮಾಡುತ್ತಾರೆ, ಆದರೆ ಸಮಾನರಾಗಿ ಸ್ನೇಹ ಮಾಡುವುದಿಲ್ಲ, ಮನೆಗೆ ಊಟಕ್ಕೆ ಕರೆಯುವುದಿಲ್ಲ ಎಂದು ನೇರವಾಗಿ ಹೇಳಿದರು. ನಮಗೆ ಬೇಕಿರುವುದು ಗೆಳೆಯರು ಎಂಬುದು ಅವರ ಕೊನೆಯ ಮಾತಿನ ಸಾರ. ಸಭೆಯಲ್ಲಿ ಹಲವರಿಗೆ ಸಿಟ್ಟು ಬಂತು. ಆದರೆ ಆ ಇಡೀ ಸಮ್ಮೇಳನದಲ್ಲಿ ಇಂದಿಗೂ ಜನ ನೆನೆಯುವುದು ಆ ಒಂದು ಭಾಷಣವನ್ನು. ಅಜರಯ್ಯ 1912ರಲ್ಲಿ ದೋರ್ನಕಲ್‌ನ ಬಿಷಪ್ ಆದರು, ಆಂಗ್ಲಿಕನ್ ಚರ್ಚಿನ ಮೊದಲ ಭಾರತೀಯ ಬಿಷಪ್.

ಮರುವರ್ಷ, ಅಂದರೆ 1911ರಲ್ಲಿ, ಮಾಟ್ ನ್ಯೂಯಾರ್ಕಿನಲ್ಲಿ ಒಂದು ಸಮಿತಿ ಆರಂಭಿಸಿದರು. ನಮ್ಮಂಥವರಿಗೆ ಅವರ ಕೆಲಸಗಳಲ್ಲಿ ಹೆಚ್ಚು ಹತ್ತಿರದ್ದು ಇದೇ. ವಿದೇಶಿ ವಿದ್ಯಾರ್ಥಿಗಳ ಜೊತೆ ಸ್ನೇಹ ಸಂಬಂಧದ ಸಮಿತಿ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಆಗ ಚೀನಾ, ಜಪಾನ್, ಫಿಲಿಪೀನ್ಸ್, ಲ್ಯಾಟಿನ್ ಅಮೆರಿಕದಿಂದ ವಿದ್ಯಾರ್ಥಿಗಳು ಬರತೊಡಗಿದ್ದರು. ಭಾರತದಿಂದಲೂ ಕೆಲವರು. ಚೀನೀಯರನ್ನು ದೇಶದೊಳಗೆ ಬಿಡಬಾರದೆಂಬ ಕಾನೂನು ಜಾರಿಯಲ್ಲಿದ್ದ ಕಾಲ. ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿ ಇದ್ದರೂ ಬಂದರಿನಲ್ಲಿ ಅವಮಾನ, ಊರಿನಲ್ಲಿ ಬಾಡಿಗೆ ಮನೆ ಸಿಗದ ಪಾಡು ತಪ್ಪಿರಲಿಲ್ಲ. ಸಮಿತಿಯವರು ಹಡಗು ಬರುವ ಹೊತ್ತಿಗೆ ಬಂದರಿಗೆ ಹೋಗಿ ವಲಸೆ ಅಧಿಕಾರಿಗಳ ಜೊತೆ ಮಾತಾಡಿದರು, ರೈಲು ಹತ್ತಿಸಿದರು, ಕ್ಯಾಂಪಸ್ಸಿನ ಸಂಘಕ್ಕೆ ಮೊದಲೇ ಸುದ್ದಿ ಮುಟ್ಟಿಸಿದರು, ಹಬ್ಬಕ್ಕೆ ಅಮೆರಿಕನ್ ಮನೆಗಳಿಗೆ ಊಟಕ್ಕೆ ಕಳಿಸಿದರು. ತಪ್ಪು ಹೆಸರಿನ ಬೋರ್ಡ್ ಹಿಡಿದು ನನಗಾಗಿ ಕಾಯುತ್ತಿದ್ದ ಆ ಹಿರಿಯರು ಈ ಸಾಲಿನಲ್ಲೇ ಬಂದವರು.

ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಹೌಸ್ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. 1909ರಲ್ಲಿ ವೈಎಂಸಿಎಯ ಹ್ಯಾರಿ ಎಡ್ಮಂಡ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಸುಮ್ಮನೆ ಗುಡ್ ಮಾರ್ನಿಂಗ್ ಹೇಳಿದರು. ಆ ಹುಡುಗ ತಿರುಗಿ ಬಂದು, ತಾನು ಈ ಊರಿಗೆ ಬಂದು ಮೂರು ವಾರವಾಯಿತು, ತನ್ನನ್ನು ಮಾತಾಡಿಸಿದವರಲ್ಲಿ ನೀವೇ ಮೊದಲಿಗರು ಎಂದನಂತೆ. ಅಲ್ಲಿಂದ ಶುರುವಾದ ಭಾನುವಾರದ ಊಟಗಳು ಬೆಳೆದು, ರಾಕ್‌ಫೆಲರ್ ಅವರ ಹಣದಿಂದ 1924ರಲ್ಲಿ ಆ ದೊಡ್ಡ ಕಟ್ಟಡವಾಯಿತು. ಮುಂದೆ ಮಾಟ್ ಅವರ ಹಿರಿಯ ಮಗ ಅದೇ ಮನೆಯ ನಿರ್ದೇಶಕರಾಗಿದ್ದರು. 1930ರಲ್ಲಿ ಬರ್ಕ್‌ಲಿಯಲ್ಲಿ ಇಂಥದೇ ಮನೆ ಕಟ್ಟುವಾಗ ಬೇರೆ ಬೇರೆ ಬಣ್ಣದವರು, ಗಂಡು ಹೆಣ್ಣು ಒಂದೇ ಸೂರಿನಡಿ ಇರುವುದೇ ಎಂದು ಊರಿನವರು ಗಲಾಟೆ ಮಾಡಿದ್ದರು.

ಮೊದಲ ಮಹಾಯುದ್ಧದ ವಿವರಗಳನ್ನು ಇಲ್ಲಿ ಹೆಚ್ಚು ಹೇಳುವುದಿಲ್ಲ. ಅಧ್ಯಕ್ಷ ವುಡ್ರೋ ವಿಲ್ಸನ್ 1913ರಲ್ಲಿ ಮಾಟ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಲು ಬಯಸಿದರು, ಮಾಟ್ ಒಪ್ಪಲಿಲ್ಲ. 1918ರಲ್ಲಿ ಪ್ರೊಟೆಸ್ಟೆಂಟ್, ಕ್ಯಾಥೋಲಿಕ್, ಯಹೂದಿ ಸಂಸ್ಥೆಗಳು ಸೇರಿ ಏಳು ಸಂಘಗಳ ಜಂಟಿ ಯುದ್ಧನಿಧಿಗೆ 20 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತುವುದರಲ್ಲಿ ಮುಂದಾಳಾದರು. ಯುದ್ಧ ಮುಗಿದ ಮೇಲೆ ವಿಯೆನ್ನಾದಲ್ಲಿ ಕೋಟಿಲ್ಲದೆ, ಊಟವಿಲ್ಲದೆ ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಕ್ಕೂಟದ ರೂತ್ ರೌಸ್ ಕಂಡು, ಯುರೋಪಿನ ವಿದ್ಯಾರ್ಥಿ ಪರಿಹಾರ ಕಾರ್ಯ ಆರಂಭಿಸಿದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಮಕ್ಕಳಿಗೆ ಇತರ ದೇಶಗಳ ವಿದ್ಯಾರ್ಥಿಗಳು ಚಂದಾ ಎತ್ತಿ ಊಟ ಹಾಕಿದರು. ಒಕ್ಕೂಟ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಆದರೆ ಯುದ್ಧ ಕಂಡು ಬಂದ ಹೊಸ ತಲೆಮಾರು ಬೇರೆಯಾಗಿತ್ತು. 1919ರ ಕೊನೆಯಲ್ಲಿ ಅಯೋವಾದ ಡೆ ಮಾಯ್ನ್‌ನಲ್ಲಿ ವಿದ್ಯಾರ್ಥಿ ಸ್ವಯಂಸೇವಕರ ಮಹಾಸಮ್ಮೇಳನ ನಡೆಯಿತು. ಸಾವಿರಾರು ವಿದ್ಯಾರ್ಥಿಗಳು ಬಂದಿದ್ದರು. ಮಾಟ್ ಮತ್ತು ಅವರ ಗೆಳೆಯರು ಎಂದಿನಂತೆ ಮಾತಾಡಿದರು. ಈ ಸಲ ಹುಡುಗರು ಕೂತು ಕೇಳಲಿಲ್ಲ. ಯುದ್ಧದ ಬಗ್ಗೆ ನೀವೇನು ಹೇಳುತ್ತೀರಿ? ಕಾರ್ಖಾನೆಯ ಕೂಲಿಗಳ ಬಗ್ಗೆ? ನಮ್ಮದೇ ದೇಶದ ಕಪ್ಪು ಜನರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ? ಇದೆಲ್ಲ ಇಲ್ಲಿ ಇರುವಾಗ ಬೇರೆ ದೇಶಗಳಿಗೆ ಹೋಗಿ ಏನು ಬೋಧಿಸುವುದು? ಹೀಗೆ ಪ್ರಶ್ನೆಗಳ ಸುರಿಮಳೆ. 55ರ ಸಮೀಪದಲ್ಲಿದ್ದ ಮಾಟ್ ಅದನ್ನು ಕೇಳಿಸಿಕೊಂಡರು. ಮರುವರ್ಷ ಮೂವತ್ತೆರಡು ವರ್ಷ ಕುಳಿತಿದ್ದ ಅಧ್ಯಕ್ಷ ಸ್ಥಾನ ಬಿಟ್ಟರು. 1920ರಲ್ಲಿ 2,700ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರತಿಜ್ಞೆಗೆ ಸಹಿ ಹಾಕಿದ್ದರೆ, 1928ರಲ್ಲಿ ಹಾಕಿದವರು ಸುಮಾರು 250.

1922ರಲ್ಲಿ ಒಕ್ಕೂಟದ ಸಮ್ಮೇಳನ ಪೀಕಿಂಗ್‌ನ ತ್ಸಿಂಗ್‌ಹ್ವಾ ಕಾಲೇಜಿನಲ್ಲಿ ಸೇರುವ ಸುದ್ದಿ ಹೊರಬಿದ್ದ ಕೂಡಲೇ ಶಾಂಘೈನ ವಿದ್ಯಾರ್ಥಿಗಳು ಕ್ರೈಸ್ತ ವಿರೋಧಿ ವಿದ್ಯಾರ್ಥಿ ಒಕ್ಕೂಟ ಕಟ್ಟಿದರು. ನಿಮ್ಮ ಧರ್ಮದ ಬೆನ್ನಿಗೆ ಬಂಡವಾಳ ಇದೆ, ಬಂದೂಕು ಇದೆ ಎಂಬುದು ಅವರ ಆರೋಪ. ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಬೇಕು, ತಾವೇ ಮುಂದಾಳಾಗಬೇಕು ಎಂದು ಲೋಕವೆಲ್ಲ ಹೇಳಿಕೊಂಡು ಬಂದವರಿಗೆ, ವಿದ್ಯಾರ್ಥಿಗಳೇ ಕಟ್ಟಿದ ವಿರೋಧಿ ಸಂಘ ಎದುರು ನಿಂತಿತ್ತು. ಸಮ್ಮೇಳನದ ಒಳಗೂ ಚೀನಾದ ಕ್ರೈಸ್ತ ವಿದ್ಯಾರ್ಥಿಗಳು ಯುದ್ಧ, ಕೂಲಿಕಾರರ ವಿಷಯ ಬಿಡಲಿಲ್ಲ. ಅಂದಹಾಗೆ ಇದೇ ಒಕ್ಕೂಟದ ಮಹಾಸಮಿತಿ 1928ರ ಡಿಸೆಂಬರ್‌ನಲ್ಲಿ ಸೇರಿದ್ದು ನಮ್ಮ ಮೈಸೂರಿನಲ್ಲಿ. ಆ ವರ್ಷ ಮಾಟ್ ಒಕ್ಕೂಟದ ಅಧ್ಯಕ್ಷತೆಯನ್ನೂ ಕಿರಿಯರಿಗೆ ಬಿಟ್ಟುಕೊಟ್ಟರು.

ಭಾರತಕ್ಕೆ ಬಂದಾಗ ಮಾಟ್ ಗಾಂಧೀಜಿಯವರನ್ನು ಕಾಣುತ್ತಿದ್ದರು. 1929ರಲ್ಲಿ ಸಾಬರಮತಿಯಲ್ಲಿ, 1936ರಲ್ಲಿ ಮತ್ತು 1938ರಲ್ಲಿ ವಾರ್ಧಾ ಪಕ್ಕದ ಸೇಗಾಂವ್‌ನಲ್ಲಿ. 1936ರ ಭೇಟಿ ಸುಲಭದ್ದಾಗಿರಲಿಲ್ಲ. ಹಿಂದಿನ ವರ್ಷ ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ್ದರು. ಮಿಷನರಿಗಳಲ್ಲಿ ಹಲವರು ಆಸೆಯಿಂದ ನೋಡುತ್ತಿದ್ದರು. ಶಾಲೆ, ಆಸ್ಪತ್ರೆಯಂಥ ಸೇವೆಯ ಹಿಂದೆ ಮತಾಂತರದ ಲೆಕ್ಕ ಇದ್ದರೆ ಆ ಸೇವೆ ಶುದ್ಧವಲ್ಲ ಎಂದು ಗಾಂಧೀಜಿ ಖಂಡತುಂಡವಾಗಿ ಹೇಳಿದರು. ತನಗೆ ಸಿಕ್ಕ ಒಳ್ಳೆಯದನ್ನು ಹಂಚದೆ ಇರುವುದು ಹೇಗೆ ಎಂಬುದು ಮಾಟ್ ಅವರ ನಿಲುವು. ಇಬ್ಬರೂ ತಮ್ಮ ಜಾಗದಿಂದ ಕದಲಲಿಲ್ಲ. ಆದರೂ ಮಾಟ್ ಮತ್ತೆ ಹೋದರು, ಗಾಂಧೀಜಿ ಮತ್ತೆ ಕೂರಿಸಿ ಮಾತಾಡಿದರು. ಒಂದು ಭೇಟಿಯಲ್ಲಿ ನಿಮ್ಮನ್ನು ಹೆಚ್ಚು ನೋಯಿಸುವುದು ಯಾವುದೆಂದು ಮಾಟ್ ಕೇಳಿದಾಗ, ಓದಿದವರ ಕಲ್ಲುಹೃದಯ ಎಂಬರ್ಥದ ಉತ್ತರ ಬಂತು. ಓದುವವರ ನಡುವೆಯೇ ಆಯುಷ್ಯ ಕಳೆದ ಮನುಷ್ಯ ಅದನ್ನು ಹೇಗೆ ತೆಗೆದುಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1938ರ ಡಿಸೆಂಬರ್‌ನಲ್ಲಿ ಮದ್ರಾಸಿನ ಹೊರಗೆ ತಾಂಬರಂನಲ್ಲಿ, ಆಗಷ್ಟೇ ಹೊಸ ಆವರಣಕ್ಕೆ ಬಂದಿದ್ದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಮತ್ತೊಂದು ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಚೀನಾದಲ್ಲಿ ನಡೆಯಬೇಕಿದ್ದದ್ದು ಅಲ್ಲಿ ಯುದ್ಧವಿದ್ದ ಕಾರಣ ಇಲ್ಲಿಗೆ ಬಂತು. ಅಧ್ಯಕ್ಷರು ಮತ್ತೆ ಮಾಟ್, ವಯಸ್ಸು 73. ಎಡಿನ್‌ಬರಾದಲ್ಲಿ ಬೆರಳೆಣಿಕೆಯಷ್ಟಿದ್ದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರು ಈಗ ಸುಮಾರು ಅರ್ಧದಷ್ಟಿದ್ದರು. ಅವರಲ್ಲಿ ಎಷ್ಟೋ ಮಂದಿ ಕಾಲೇಜು ದಿನಗಳಲ್ಲಿ ಮಾಟ್ ಅವರ ಸಂಘಗಳಲ್ಲಿ ಮೊದಲ ಸಲ ಮೈಕಿಲ್ಲದ ವೇದಿಕೆ ಹತ್ತಿದವರು. ಅಜರಯ್ಯನವರೂ ಅಲ್ಲಿದ್ದರು.

1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಅಮೆರಿಕದವರೇ ಆದ ಎಮಿಲಿ ಗ್ರೀನ್ ಬಾಲ್ಚ್ ಅವರೊಡನೆ ಹಂಚಿಕೊಂಡು. ಎಂಬತ್ತೊಂದರ ವಯಸ್ಸಿನಲ್ಲಿ ಆಸ್ಲೋಗೆ ಹೋಗಿ ಸ್ವೀಕರಿಸಿದರು. 1948ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಚರ್ಚುಗಳ ವಿಶ್ವ ಮಂಡಳಿ ಸ್ಥಾಪನೆಯಾದಾಗ ಗೌರವ ಅಧ್ಯಕ್ಷರಾದರು. ಅದನ್ನು ಕಟ್ಟಿದ ಮುಂದಾಳುಗಳಲ್ಲಿ ಬಹಳಷ್ಟು ಜನ ವಿದ್ಯಾರ್ಥಿ ಒಕ್ಕೂಟದಿಂದ ಬಂದವರೇ. 1952ರಲ್ಲಿ ಲೀಲಾ ತೀರಿಕೊಂಡರು. ಮರುವರ್ಷ ಮಾಟ್, 88ನೇ ವಯಸ್ಸಿನಲ್ಲಿ, ಆಗ್ನೆಸ್ ಪೀಟರ್ ಅವರನ್ನು ಮದುವೆಯಾದರು. 1955ರ ಜನವರಿ 31ರಂದು ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ನಿಧನರಾದರು. ಸಮಾಧಿ ಇರುವುದು ವಾಷಿಂಗ್ಟನ್ನಿನ ನ್ಯಾಷನಲ್ ಕೆಥೀಡ್ರಲ್‌ನಲ್ಲಿ.

ಈ ವರ್ಷ ಮಕ್ಕಳನ್ನು ಕಾರ್ನೆಲ್‌ಗೆ ಬಿಡಲು ಹೋಗುವವರು ಬಿಡುವಾದರೆ ಬಾರ್ನ್ಸ್ ಹಾಲ್ ನೋಡಿ ಬನ್ನಿ. ವಿದ್ಯಾರ್ಥಿಯಾಗಿದ್ದಾಗ ಮಾಟ್ ಓಡಾಡಿ ಹಣ ಹೊಂದಿಸಿದ ಆ ವೈಎಂಸಿಎ ಕಟ್ಟಡ ಅದೇ. ಧಾರ್ಮಿಕ ಸಂಘಗಳು ಅಲ್ಲಿಂದ ಬೇರೆ ಕಟ್ಟಡಕ್ಕೆ ಹೋಗಿ ಬಹಳ ಕಾಲವಾಯಿತು. ಈಗ ಅದು ಸಂಗೀತ ವಿಭಾಗದ ಕೈಯಲ್ಲಿದೆ, ಅಲ್ಲಿ ಕಛೇರಿಗಳು ನಡೆಯುತ್ತವೆ.